ಚರ್ಚಿಗೆ ಹೋಗಲಾಗದವರ ಪವಿತ್ರ ವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸಿಗೆ ಹಿಡಿದವರು, ಅವರನ್ನು ಬಿಟ್ಟು ಕದಲಲಾಗದವರು, ಅಂಟುರೋಗ ಬಂದು ಬೇರೆ ಕೋಣೆ ಸೇರಿದವರು, ಮೂಡಿಗೆರೆ, ಸಕಲೇಶಪುರ ಕಡೆಯ ಎಸ್ಟೇಟಿನ ಲೈನ್ ಮನೆಗಳಲ್ಲಿ ಬಸ್ಸಿಲ್ಲದೆ ಉಳಿದವರು, ಮಕ್ಕಳೆಲ್ಲ ಬೆಂಗಳೂರೋ ದುಬೈಯೋ ಸೇರಿಕೊಂಡು ಒಂಟಿಯಾದ ಹಿರಿಯರು. ಈಸ್ಟರಿಗೆ ಮುಂಚಿನ ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರ ಹತ್ತಿರ ಬಂದಂತೆ ಇವರೆಲ್ಲ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಉತ್ತರಗಳು ಮುಖ್ಯವಾಗಿ ಕಥೋಲಿಕ ಪದ್ಧತಿಯವು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೂ ಮಲಯಾಳಿ ಸುರಿಯಾನಿ ಮನೆಗಳಿಗೂ ಬೇರೆ ಇರುವ ಕಡೆ ಹಾಗೆಂದು ಹೇಳಿದ್ದೇವೆ.

ಚರ್ಚಿಗೆ ಹೋಗದೆ ಈಸ್ಟರ್ ಆಗುತ್ತದೆಯೇ? ಪಾಪ ಅಲ್ಲವೇ?

ಆಗುತ್ತದೆ. ಪಾಪವೂ ಅಲ್ಲ. ಕಾಯಿಲೆ, ಆರೈಕೆಯ ಹೊಣೆ, ದೂರ, ಇಂಥ ತಕ್ಕ ಕಾರಣವಿದ್ದು ಹೋಗಲಾಗದವರಿಗೆ ಭಾನುವಾರದ ಪೂಜೆಯ ಕಡ್ಡಾಯವಿಲ್ಲ. ಒಬ್ಬರೇ ಇದ್ದರೆ ಒಬ್ಬರೇ, ಮನೆಯವರಿದ್ದರೆ ಒಟ್ಟಾಗಿ ಸ್ವಲ್ಪ ಹೊತ್ತು ಪ್ರಾರ್ಥನೆಯಲ್ಲಿ ಕಳೆಯಿರಿ ಎಂದು ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನ 1248ನೇ ಕಲಮು ಹೇಳುತ್ತದೆ, ಅಷ್ಟೇ. ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ಮಾತು: ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರ ಎಷ್ಟು ದೊಡ್ಡ ದಿನಗಳಾದರೂ ಕಡ್ಡಾಯದ ಪೂಜೆಯ ದಿನಗಳ ಪಟ್ಟಿಯಲ್ಲಿಲ್ಲ. ಎಪ್ಪತ್ತೈದು ದಾಟಿದ ಅಜ್ಜಿಯಂದಿರು "ಶುಕ್ರವಾರ ತಪ್ಪಿಸಿಕೊಂಡೆ" ಎಂದು ವರ್ಷವಿಡೀ ಕೊರಗುವುದಕ್ಕೆ ಕಾರಣವೇ ಇಲ್ಲ.

ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ತೆಗೆದು ನೋಡಿ (ಸಿ.ಎಸ್.ಐ. ಬೈಬಲಿನಲ್ಲಿ ಯೋಹಾನ). 19ನೇ ವಾಕ್ಯದಲ್ಲಿ, ಪುನರುತ್ಥಾನದ ದಿನ ಸಂಜೆ, ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಾರೆ. ಯೇಸು ಬಂದದ್ದು ಆ ಕೋಣೆಗೆ. ಇದನ್ನು ಎಲ್ಲರೂ ಓದಿರುತ್ತಾರೆ. 26ನೇ ವಾಕ್ಯ ಅಷ್ಟು ಕಣ್ಣಿಗೆ ಬೀಳುವುದಿಲ್ಲ: ಎಂಟು ದಿನ ಕಳೆದ ಮೇಲೂ ಬಾಗಿಲು ಹಾಕಿಯೇ ಇದೆ. ಪುನರುತ್ಥಾನದ ಸುದ್ದಿ ಕೇಳಿ, ಕಣ್ಣಾರೆ ಕಂಡು, ಒಂದು ವಾರವಾದರೂ ಅವರು ಒಳಗೇ ಇದ್ದಾರೆ. ಬೈಗುಳವಿಲ್ಲ, ಎರಡನೇ ಸಲವೂ ಅದೇ "ನಿಮಗೆ ಶಾಂತಿ".

ಮನೆಯಲ್ಲಿ ಹಬ್ಬ ಮಾಡುವವರು ಎಡವುವುದು ಒಂದೇ ಕಡೆ. ಚರ್ಚಿನಲ್ಲಿ ನಡೆಯುವುದನ್ನೆಲ್ಲ ಸಣ್ಣದಾಗಿ ಮನೆಯಲ್ಲಿ ನಕಲು ಮಾಡಲು ಹೊರಡುತ್ತಾರೆ. ಎರಡು ಗಂಟೆಯ ವಿಧಿ, ಹತ್ತು ಹಾಡು, ಎಲ್ಲ ವಾಚನ. ಗುರುವಾರ ಸಂಜೆಯ ಹೊತ್ತಿಗೇ ಸುಸ್ತಾಗಿ, ಶನಿವಾರ ಏನೂ ಬೇಡವಾಗುತ್ತದೆ. ಈ ವಾರದಲ್ಲಿ ಮನೆಗೇ ಸೇರಿದ ಕೆಲಸಗಳಿವೆ: ನೀರು ಕಾಯಿಸಿ ಕಾಲು ತೊಳೆಯುವುದು, ರೊಟ್ಟಿ ಮುರಿಯುವುದು, ಉಪವಾಸ, ಕತ್ತಲಲ್ಲಿ ಒಂದು ದೀಪ ಹಚ್ಚುವುದು. ದಿನಕ್ಕೆ ಒಂದು ಕೆಲಸ, ಅದರ ಹೊತ್ತಿಗೆ ಸರಿಯಾಗಿ. ಅಷ್ಟು ಸಾಕು.

ಟಿವಿಯಲ್ಲೋ ಮೊಬೈಲಿನಲ್ಲೋ ಪೂಜೆ ನೋಡಿದರೆ ಲೆಕ್ಕಕ್ಕೆ ಬರುತ್ತದೆಯೇ?

ಹೋಗಲಾಗದವರಿಗೆ ಕಡ್ಡಾಯವೇ ಇಲ್ಲದಿರುವಾಗ ಲೆಕ್ಕದ ಪ್ರಶ್ನೆ ಏಳುವುದಿಲ್ಲ. ನೋಡಿದರೆ ಒಳ್ಳೆಯದು. ನೇರ ಪ್ರಸಾರವಾದರೆ ಇನ್ನೂ ಒಳ್ಳೆಯದು. 2020ರಲ್ಲಿ ಏಪ್ರಿಲ್ 12ಕ್ಕೆ ಈಸ್ಟರ್ ಬಂದು, ಲಾಕ್‌ಡೌನ್‌ನಿಂದ ಚರ್ಚುಗಳೆಲ್ಲ ಮುಚ್ಚಿದ್ದಾಗ ವ್ಯಾಟಿಕನ್ ಕೊಟ್ಟ ಸೂಚನೆಯಲ್ಲೂ ಮೊದಲೇ ರೆಕಾರ್ಡ್ ಮಾಡಿದ್ದಲ್ಲ, ನೇರ ಪ್ರಸಾರ ಎಂದೇ ಇತ್ತು. ಕಾರಣ ಸರಳ: ಅದೇ ಗಳಿಗೆಯಲ್ಲಿ ಇನ್ನೊಂದು ಕಡೆ ಜನ ಪ್ರಾರ್ಥಿಸುತ್ತಿದ್ದಾರೆ ಎಂಬುದೇ ಅದರ ಬಲ.

ನೋಡುವಾಗ ದೇಹವನ್ನೂ ಕರೆದುಕೊಳ್ಳಿ. ಫೋನನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲೆ, ಶಿಲುಬೆಯ ಪಕ್ಕ ನಿಲ್ಲಿಸಿ. ಎದ್ದು ನಿಲ್ಲಬಲ್ಲವರು ಶುಭಸಂದೇಶಕ್ಕೆ ನಿಲ್ಲಿ. ಉತ್ತರಗಳನ್ನು ಬಾಯಿಬಿಟ್ಟು ಹೇಳಿ. ಬೇರೆ ಸಂದೇಶಗಳು ಬರದಂತೆ ನಿಲ್ಲಿಸಿಡಿ, ಇಲ್ಲದಿದ್ದರೆ ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಹೊತ್ತಿಗೆ ಯಾರದೋ ಶುಭೋದಯದ ಗುಲಾಬಿ ಬಂದು ಕೂರುತ್ತದೆ. ಆ ಹೊತ್ತಿನಲ್ಲಿ ಪರದೆ ನೋಡುತ್ತಾ ಕೂರುವ ಬದಲು ಕಣ್ಣು ಮುಚ್ಚಿ ಮನಸ್ಸಿನ ಪರಮಪ್ರಸಾದ ಸ್ವೀಕರಿಸಿ: "ಈಗ ನಿಮ್ಮನ್ನು ಪ್ರಸಾದದಲ್ಲಿ ಸ್ವೀಕರಿಸಲಾರೆ, ನನ್ನ ಹೃದಯಕ್ಕೆ ಬನ್ನಿ" ಎಂಬ ಅರ್ಥದ ನಾಲ್ಕು ಮಾತು ಸಾಕು.

ನೆಟ್‌ವರ್ಕ್ ಸಿಗದ ಎಸ್ಟೇಟುಗಳಲ್ಲಿ ಚಿತ್ರಕ್ಕಾಗಿ ಗುದ್ದಾಡಬೇಡಿ. ಅರ್ಧಕ್ಕೆ ನಿಂತು ಸುತ್ತುವ ಚಕ್ರ ನೋಡುತ್ತಾ ಕೂರುವುದಕ್ಕಿಂತ ಬೈಬಲ್ ತೆರೆದು ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು ಎಷ್ಟೋ ಮೇಲು.

ಗರಿಗಳ ಭಾನುವಾರಕ್ಕೆ ಗರಿ ಎಲ್ಲಿಂದ ತರಲಿ? ಮನೆಯಲ್ಲೇ ಶಿಲುಬೆ ಮಾಡುವುದು ಹೇಗೆ?

ಅರಸೀಕೆರೆ, ಚನ್ನರಾಯಪಟ್ಟಣ ಕಡೆ ತೆಂಗು, ಮಲೆನಾಡಿನಲ್ಲಿ ಅಡಿಕೆ ಅಥವಾ ಈಚಲು, ಯಾವುದಾದರೂ ಆಗುತ್ತದೆ. ಸುಳಿಯನ್ನು ಮಾತ್ರ ಕೀಳಿಸಬೇಡಿ. ತೆಂಗಿಗೂ ಅಡಿಕೆಗೂ ಬೆಳೆಯುವ ತುದಿ ಒಂದೇ. ಅಲ್ಲಿಗೆ ಏಟು ಬಿದ್ದರೆ ಮರವೇ ಹೋಗುತ್ತದೆ. ಈಗಷ್ಟೇ ಬಿಚ್ಚಿಕೊಂಡ ಪಕ್ಕದ ಗರಿಯಿಂದ ಒಂದೆರಡು ಎಸಳು ಸಾಕು.

ಎಸಳಿನ ನಡುವಿನ ಕಡ್ಡಿ ತೆಗೆಯಿರಿ. ಉಳಿದ ಪಟ್ಟಿಯಿಂದ 12 ಸೆಂ.ಮೀ. ಉದ್ದದ್ದೊಂದು, 8 ಸೆಂ.ಮೀ. ಉದ್ದದ್ದೊಂದು ಕತ್ತರಿಸಿ. ದೊಡ್ಡದರಲ್ಲಿ ಮೇಲಿನಿಂದ 4 ಸೆಂ.ಮೀ. ಕೆಳಗೆ ಉದ್ದುದ್ದಕ್ಕೆ ಒಂದು ಸೀಳು ಹಾಕಿ. ಸೀಳು ಚಿಕ್ಕ ಪಟ್ಟಿಯ ಅಗಲಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಲಿ. ಅದರೊಳಗೆ ಚಿಕ್ಕದನ್ನು ತೂರಿಸಿ ನಡುವಿಗೆ ಎಳೆದುಕೊಂಡರೆ ಶಿಲುಬೆ. ದಾರದಿಂದ ಕಟ್ಟಿದವು ವಾರದಲ್ಲಿ ಸಡಿಲವಾಗುತ್ತವೆ, ಏಕೆಂದರೆ ಗರಿ ಒಣಗುತ್ತಾ ಕುಗ್ಗುತ್ತದೆ, ದಾರ ಕುಗ್ಗುವುದಿಲ್ಲ. ಬಿಸಿಲಿಗಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ರಾತ್ರಿ ದಪ್ಪ ಪುಸ್ತಕದಡಿ ಇಡಿ.

ಗುರುಗಳ ಆಶೀರ್ವಾದ ಸಿಗಲಿಲ್ಲವೆಂದು ಬಿಡಬೇಡಿ. ಮನೆಯಲ್ಲಿ ತೀರ್ಥವಿದ್ದರೆ ಚಿಮುಕಿಸಿ. ಕಿಟಕಿಗೋ ಬಾಗಿಲಿಗೋ ಸಿಕ್ಕಿಸಿ, ಹೊರಗೆ ಹೋಗುವವರಿಗೆ ಕಾಣುವ ಹಾಗೆ. ಕಳೆದ ವರ್ಷದ ಗರಿಯನ್ನು ಕಸಕ್ಕೆ ಹಾಕುವುದಿಲ್ಲ. ಚರ್ಚಿಗೆ ಕಳಿಸಿದರೆ ಮುಂದಿನ ಬೂದಿ ಬುಧವಾರದ ಬೂದಿಯಾಗುತ್ತದೆ. ಕಳಿಸಲಾಗದಿದ್ದರೆ ಸುಟ್ಟು ಗಿಡದ ಬುಡಕ್ಕೆ ಹಾಕಿ.

ಗುರುವಾರ ಕಾಲು ತೊಳೆಯುವ ಕ್ರಮ ಮನೆಯಲ್ಲಿ ಮಾಡಬಹುದೇ?

ಖಂಡಿತ. ಇಡೀ ವಾರದಲ್ಲಿ ಮನೆಗೆ ಹೇಳಿ ಮಾಡಿಸಿದಂಥ ಕ್ರಮ ಇದೇ. ಚರ್ಚಿನಲ್ಲೂ ಇದು ಐಚ್ಛಿಕ. 2016ರಿಂದ ಅಲ್ಲಿ ಹೆಂಗಸರ ಪಾದವನ್ನೂ ತೊಳೆಯಬಹುದು. ಮನೆಯಲ್ಲಿ ಅಂಥ ನಿಯಮ ಎಂದೂ ಇರಲಿಲ್ಲ. ಬೇಕಾದದ್ದು ಒಂದು ಬೇಸಿನ್, ಒಂದು ಚೊಂಬು, ಎರಡು ಲೀಟರ್ ಉಗುರುಬೆಚ್ಚಗಿನ ನೀರು, ಒಗೆದ ಟವೆಲ್. ಮೊದಲು ಯೊವಾನ್ನ 13:1ರಿಂದ 15ರವರೆಗೆ ಓದಿ. ಆಮೇಲೆ ಮಾತು ಬೇಡ.

ಹಾಸಿಗೆಯಲ್ಲಿರುವವರಿಗೆ: ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮಂಡಿ ಮಡಚಿ, ಬೇಸಿನ್ ಹಾಸಿಗೆಯ ಮೇಲೇ ಇಡಿ. ನೀರಿನ ಬಿಸಿ ನಿಮ್ಮ ಮೊಣಕೈಯಿಂದ ನೋಡಿ, ರೋಗಿಯ ಕಾಲಿನಿಂದ ಬೇಡ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಬೊಬ್ಬೆ ಎದ್ದ ಮೇಲೇ ಗೊತ್ತಾಗುತ್ತದೆ. ನೆನೆಸಿಡಬೇಡಿ, ಮೇಲಿನಿಂದ ಹುಯ್ದು ತೊಳೆದರೆ ಸಾಕು. ಬೆರಳ ಸಂದಿಗಳನ್ನು ಒತ್ತಿ ಒರೆಸಿ. ಅಲ್ಲಿ ತೇವ ಉಳಿದರೆ ಹುಣ್ಣಿಗೆ ದಾರಿ. ಹೀಗೆ ಒರೆಸುವಾಗ ಹಿಮ್ಮಡಿಯ ಬಿರುಕೋ, ಕಂಡಿರದ ಗಾಯವೋ ಕಣ್ಣಿಗೆ ಬೀಳುವುದುಂಟು. ಕಂಡರೆ ಹಬ್ಬ ಮುಗಿಯಲಿ ಎಂದು ಕಾಯದೆ ಡಾಕ್ಟರಿಗೆ ತೋರಿಸಿ.

ತೊಳೆಸಿಕೊಳ್ಳುವವರಿಗೂ ಒಂದು ಮಾತು. ವರ್ಷಗಟ್ಟಲೆ ಸೊಸೆಯ ಕೈಯಲ್ಲೋ ಹೋಂ ನರ್ಸ್ ಕೈಯಲ್ಲೋ ಸ್ನಾನ ಮಾಡಿಸಿಕೊಳ್ಳುವವರಿಗೆ ಆ ಸಂಕೋಚ ಎಂದೂ ಹೋಗುವುದಿಲ್ಲ. ಆ ಅಧ್ಯಾಯದಲ್ಲಿ ಅವರ ಪಾತ್ರ ಪೇತ್ರನದು. "ನೀವು ನನ್ನ ಪಾದ ತೊಳೆಯುವುದು ಬೇಡವೇ ಬೇಡ" ಎಂದು ಕಾಲು ಎಳೆದುಕೊಂಡವನು ಅವನೇ. ಯೇಸು ಒಪ್ಪಲಿಲ್ಲ. ತೊಳೆಯುವುದಕ್ಕಿಂತ ತೊಳೆಸಿಕೊಳ್ಳುವುದು ಕಷ್ಟ ಎಂಬುದು ಆ ಪುಟದಲ್ಲೇ ಇದೆ.

ಪೂರ್ತಿ ಒಬ್ಬರೇ ಇರುವವರು ತಮ್ಮ ಕಾಲನ್ನು ತಾವೇ ತೊಳೆದುಕೊಂಡು ನಾಟಕ ಮಾಡಬೇಕಿಲ್ಲ. ನಿಮಗಿಂತ ಒಂಟಿಯಾಗಿರುವ ಒಬ್ಬರಿಗೆ ಫೋನ್ ಮಾಡಿ. ಹತ್ತು ನಿಮಿಷ ಅವರು ಮಾತಾಡಲಿ, ನೀವು ಕೇಳಿ.

ಪೆಸಹಾ ಅಪ್ಪಂ ಒಬ್ಬರೇ ಇದ್ದರೂ ಮಾಡಬೇಕೇ?

ನರಸಿಂಹರಾಜಪುರ, ಕೊಪ್ಪ ಕಡೆಯ ಮಲಯಾಳಿ ಮನೆಗಳವರು ಇದನ್ನು ಕೇಳುತ್ತಾರೆ. ಪವಿತ್ರ ಗುರುವಾರಕ್ಕೆ ಅವರು ಮನೆಯಲ್ಲಿ ಮಾಡುವ ರೊಟ್ಟಿ ಇದು. ಎರಡು ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಉದ್ದಿನ ಬೇಳೆ, ಒಂದು ಲೋಟ ತೆಂಗಿನ ತುರಿ, ನಾಲ್ಕು ಸಣ್ಣ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಉಪ್ಪು. ಇದು ನಾಲ್ಕು ಜನರ ಅಳತೆ. ಒಬ್ಬರಿಗಾದರೆ ಕಾಲು ಭಾಗ ಮಾಡಿ ಸಣ್ಣ ತಟ್ಟೆಗೆ ಹುಯ್ಯಿರಿ. ನೆನೆಸಿದ ಉದ್ದನ್ನೂ ತೆಂಗನ್ನೂ ರುಬ್ಬಿ, ಹಿಟ್ಟು ಕಲಸಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುವಾಗ ಎಣ್ಣೆ ಸವರಿದ ತಟ್ಟೆಗೆ ಸುರಿದು, ಗರಿಗಳ ಭಾನುವಾರದ ಗರಿಯ ಪುಟ್ಟ ಶಿಲುಬೆಯನ್ನು ಮೇಲಿಟ್ಟು ಹಬೆಯಲ್ಲಿ ಬೇಯಿಸುವುದು. ದೊಡ್ಡ ತಟ್ಟೆಗೆ 25 ನಿಮಿಷ, ಚಿಕ್ಕದಕ್ಕೆ 15. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಇಡ್ಲಿ ಮಾಡಿ ರೂಢಿಯಿರುವವರು ಕೈತಪ್ಪುವುದು ಹುಳಿ ಬರಿಸುವುದರಲ್ಲಿ. ಇದು ಹುಳಿಯಿಲ್ಲದ ರೊಟ್ಟಿ. ಏಪ್ರಿಲ್ ಸೆಕೆಗೆ ರುಬ್ಬಿಟ್ಟ ಹಿಟ್ಟು ಬೇಗ ಏಳುತ್ತದೆ. ಆದ್ದರಿಂದ ರುಬ್ಬಿದ ಕೂಡಲೇ ಬೇಯಲು ಇಡಬೇಕು. ಜತೆಗೆ ತೆಂಗಿನ ಹಾಲು, ಬೆಲ್ಲದ ಪಾನ.

ವರ್ಷದೊಳಗೆ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಒಂಟಿಯಾದವರು ಸಾಮಾನ್ಯವಾಗಿ ಆ ಮನೆಯವರೇ. ನಿಮ್ಮ ಕೇರಿಯಲ್ಲಿ ಅಂಥವರಿದ್ದರೆ ಈ ವರ್ಷ ಅಳತೆಯನ್ನು ಒಂದು ಹಿಡಿ ಹೆಚ್ಚಿಸಿ.

ಪರಮಪ್ರಸಾದವನ್ನು ಮನೆಗೆ ತರಿಸಿಕೊಳ್ಳಬಹುದೇ? ಯಾವ ದಿನ?

ದಿನದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಗುರುವಾರ ಯಾವ ಹೊತ್ತಿನಲ್ಲಾದರೂ ಕಾಯಿಲೆಯವರಿಗೆ ತರಬಹುದು. ಶುಕ್ರವಾರವೂ ಕಾಯಿಲೆಯವರಿಗೆ ಯಾವ ಹೊತ್ತಾದರೂ ಸರಿ, ಉಳಿದವರಿಗೆ ಮಾತ್ರ ವಿಧಿಯ ಹೊತ್ತಿನಲ್ಲಿ. ಶನಿವಾರ ಸಾವಿನ ಅಂಚಿನಲ್ಲಿ ಇರುವವರಿಗಷ್ಟೇ. ಹಾಗಾಗಿ ಶನಿವಾರ ಬೆಳಿಗ್ಗೆ ಫೋನ್ ಮಾಡಿ "ಇವತ್ತು ಬನ್ನಿ ಫಾದರ್" ಎಂದರೆ ಗುರುಗಳು ಇಲ್ಲ ಎನ್ನುವುದು ಅಸಡ್ಡೆಯಿಂದಲ್ಲ. ಪಾಪನಿವೇದನೆಯೂ, ಕಾಯಿಲೆಯವರಿಗೆ ಎಣ್ಣೆ ಹಚ್ಚುವ ಸಂಸ್ಕಾರವೂ ಶುಕ್ರವಾರ, ಶನಿವಾರ ಎರಡೂ ದಿನ ಸಿಗುತ್ತವೆ.

ಗರಿಗಳ ಭಾನುವಾರಕ್ಕೆ ಮುಂಚೆಯೇ ಚರ್ಚಿಗೆ ಹೇಳಿಡಿ. ಒಬ್ಬರೇ ಗುರುಗಳು ಮೂರು ನಾಲ್ಕು ಊರು ನೋಡಿಕೊಳ್ಳುವ ಕಡೆ ಕೊನೇ ಗಳಿಗೆಯ ಕರೆ ಕೈಗೂಡುವುದಿಲ್ಲ. ಹೇಳುವಾಗ ರೋಗಿ ನುಂಗಬಲ್ಲರೇ, ಎಚ್ಚರವಿದೆಯೇ, ಅಂಟುರೋಗವೇ, ಜೀಪು ಬೇಕಾಗುವ ದಾರಿಯೇ ಎಂಬುದನ್ನೂ ತಿಳಿಸಿ. ನುಂಗಲು ಕಷ್ಟವಾದರೆ ಉಗುರಿನಷ್ಟು ಚೂರು ಸಾಕು, ಗಟ್ಟಿ ಪದಾರ್ಥವೇ ಆಗದವರಿಗೆ ದ್ರಾಕ್ಷಾರಸದ ರೂಪದಲ್ಲೂ ಕೊಡಬಹುದು.

ಮಂಚದ ಪಕ್ಕ ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದ ಬತ್ತಿ, ಒಂದು ಲೋಟ ನೀರು, ಚಮಚ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ವಯಸ್ಸಾದವರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಮಾತ್ರೆಯ ಹೊತ್ತು ತಪ್ಪಿಸಬೇಡಿ.

ಫೋನಿನಲ್ಲಿ ಪಾಪನಿವೇದನೆ ಮಾಡಬಹುದೇ?

ಆಗದು. ಗುರುಗಳು ಬರುವವರೆಗೆ ದೇವರ ಮೇಲಿನ ಪ್ರೀತಿಯಿಂದ ಮನಸಾರೆ ಪಶ್ಚಾತ್ತಾಪಪಟ್ಟು, ಅವಕಾಶ ಸಿಕ್ಕ ಕೂಡಲೇ ನಿವೇದಿಸುತ್ತೇನೆಂದು ನಿಶ್ಚಯಿಸಿದರೆ ಕ್ಷಮೆ ಸಿಗುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಫೋನಿನಲ್ಲಿ ಸಲಹೆ ಕೇಳಬಹುದು, ಅತ್ತು ಹಗುರಾಗಬಹುದು, ಅದು ಬೇರೆ.

ಶುಗರ್ ಇದೆ, ಬಿಪಿ ಇದೆ. ಶುಭ ಶುಕ್ರವಾರ ಉಪವಾಸ ಮಾಡಲೇಬೇಕೇ?

ಬೇಡ. ನಿಯಮ 18 ತುಂಬಿದವರಿಂದ 59 ತುಂಬುವವರೆಗಿನ ಆರೋಗ್ಯವಂತರಿಗೆ: ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಅಲ್ಪಸ್ವಲ್ಪ. ಮಾಂಸ ಬಿಡುವುದು 14 ತುಂಬಿದವರಿಗೆಲ್ಲ. ಇನ್ಸುಲಿನ್ ಚುಚ್ಚಿಕೊಂಡು ತಿನ್ನದೆ ಕೂತರೆ ಸಕ್ಕರೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು. ಒಬ್ಬರೇ ಇರುವ ಮನೆಯಲ್ಲಿ ಅದನ್ನು ನೋಡುವವರೂ ಇರುವುದಿಲ್ಲ. ಗಂಜಿ, ಹೆಸರುಕಾಳಿನ ಪಲ್ಯ, ಅದೂ ಹೊತ್ತಿಗೆ ಸರಿಯಾಗಿ. ಉಪವಾಸ ಬೇಕೇ ಬೇಕೆನ್ನುವವರು ಮಧ್ಯಾಹ್ನ 3ರವರೆಗೆ ಟಿವಿಯನ್ನೂ ಫೋನನ್ನೂ ಮುಚ್ಚಿಡಿ. ಒಂಟಿ ಇರುವವರಿಗೆ ಊಟ ಬಿಡುವುದಕ್ಕಿಂತ ಇದೇ ಕಷ್ಟ.

ಹಾಸಿಗೆಯಿಂದ ಏಳಲಾರೆ. ಶಿಲುಬೆ ಹಾದಿ ಮಾಡುವುದು ಹೇಗೆ?

ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು 14 ನೆಲೆಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ ಇದು. ಒಂದು ಬಟ್ಟಲಲ್ಲಿ 14 ಕಾಫಿ ಬೀಜ, ಪಕ್ಕದಲ್ಲೊಂದು ಖಾಲಿ ಬಟ್ಟಲು. ಒಂದೊಂದು ನೆಲೆಗೆ ಒಂದೊಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಚರ್ಚಿನಲ್ಲಿ ಕಾಲು ಮಾಡುವ ಕೆಲಸವನ್ನು ಇಲ್ಲಿ ಬೆರಳು ಮಾಡುತ್ತದೆ. ನಡುವೆ ಮಂಪರು ಹತ್ತಿದರೂ ಎಷ್ಟನೆಯದರಲ್ಲಿದ್ದೆ ಎಂಬ ಗೊಂದಲವಿಲ್ಲ, ಉಳಿದ ಬೀಜ ಎಣಿಸಿದರಾಯಿತು. ಒಣಗಿದ ಚೆರಿ ಆದರೆ ಇನ್ನೂ ಒಳ್ಳೆಯದು, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಬೀಜ ಕೊಡಬೇಡಿ, ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರಿಗೆ 14 ಗಂಟು ಹಾಕಿದ ದಪ್ಪ ದಾರ.

ನೆಲೆಗೆ ಎರಡು ಮೂರು ನಿಮಿಷದಂತೆ 40 ನಿಮಿಷ ಹಿಡಿಯುತ್ತದೆ. ಉಸಿರು ಸಾಲದವರು ನಾಲ್ಕು, ಐದು, ಆರನ್ನು ಮಾತ್ರ ಮಾಡಿ: ತಾಯಿ ಎದುರಾಗುವುದು, ಸಿರೇನಿನ ಸಿಮೋನ ಹೆಗಲು ಕೊಡುವುದು, ವೆರೋನಿಕ ಮುಖ ಒರೆಸುವುದು. ಒಂಟಿ ದಾರಿಯಲ್ಲಿ ಯಾರೋ ಹತ್ತಿರ ಬಂದ ಮೂರು ನೆಲೆಗಳು ಇವು. ಆಮೇಲೆ 12ನೆಯದಕ್ಕೆ ಒಂದು ನಿಮಿಷ ಮೌನ.

ಶುಕ್ರವಾರದ ವಿಧಿಯಲ್ಲಿ ಹತ್ತು ದೊಡ್ಡ ಬೇಡಿಕೆಗಳಿವೆ. ಧರ್ಮಸಭೆಯಿಂದ ಶುರುವಾಗಿ ಕಷ್ಟದಲ್ಲಿರುವವರೆಲ್ಲರಿಗಾಗಿ ಬೇಡುವವರೆಗೆ. ಹಾಸಿಗೆಯಲ್ಲಿರುವವರು ಹತ್ತು ಹೆಸರು ಬರೆದುಕೊಂಡು ಮಧ್ಯಾಹ್ನ 3ಕ್ಕೆ ಒಬ್ಬೊಬ್ಬರಿಗಾಗಿ ಬೇಡಿ. ಹತ್ತರಲ್ಲಿ ಒಬ್ಬರಾದರೂ ನಿಮಗೆ ಆಗದವರಿರಲಿ. ಅಂದ ಹಾಗೆ, ಶುಭ ಶುಕ್ರವಾರ ರೋಮಿನಿಂದ ಹಿಡಿದು ನಮ್ಮ ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯದವರೆಗೆ ಎಲ್ಲೂ ಬಲಿಪೂಜೆ ಇಲ್ಲ. ಪೀಠ ಬರಿದು, ಬಟ್ಟೆಯೂ ಇಲ್ಲ. ಆ ದಿನ ಪೂಜೆ ಇಲ್ಲದವರು ನೀವೊಬ್ಬರೇ ಅಲ್ಲ.

ಸಿ.ಎಸ್.ಐ. ಸಭೆಯವರು. ಮೂರು ಗಂಟೆಯ ಏಳು ಮಾತುಗಳ ಆರಾಧನೆ ಮನೆಯಲ್ಲಿ ಹೇಗೆ?

ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ಇದು. 12ರಿಂದ 3ರವರೆಗೆ, ಮಾತಿಗೆ ಸುಮಾರು 25 ನಿಮಿಷ. ಕ್ರಮವಾಗಿ ಲೂಕ 23:34, ಲೂಕ 23:43, ಯೋಹಾನ 19:26-27, ಮಾರ್ಕ 15:34, ಯೋಹಾನ 19:28, ಯೋಹಾನ 19:30, ಲೂಕ 23:46. ವಾಕ್ಯ ಓದಿ, ಒಂದು ಕೀರ್ತನೆ ಹಾಡಿ, ಉಳಿದ ಹೊತ್ತು ಸುಮ್ಮನಿರಿ. ಮೂರು ಗಂಟೆ ಕೂರಲಾಗದವರು ದಿನವಿಡೀ ಹಂಚಿಕೊಳ್ಳಿ, ಬೆಳಿಗ್ಗೆ 9ರಿಂದ ಗಂಟೆಗೊಂದು ಮಾತು. ಊರೂರು ಚದುರಿದ ಕುಟುಂಬವಾದರೆ ಏಳು ಜನ ಒಂದೊಂದು ಮಾತು ಹಂಚಿಕೊಂಡು, ಅವರವರ ಗಂಟೆಗೆ ಮನೆಯಲ್ಲಿರುವ ಹಿರಿಯರಿಗೆ ಫೋನ್ ಮಾಡಿ ಓದಿ ಹೇಳಬಹುದು. ಯಾರು ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಬರೆದಿಡಿ. ಇಲ್ಲದಿದ್ದರೆ 12ಕ್ಕೆ ಮೂವರು ಒಟ್ಟಿಗೆ ಮಾಡುತ್ತಾರೆ, 2ಕ್ಕೆ ಯಾರೂ ಇಲ್ಲ.

ದೇವರೇ ಕೈಬಿಟ್ಟ ಅನ್ನಿಸುತ್ತಿದೆ. ಇಂಥ ಮನಸ್ಸಿನಲ್ಲಿ ಹಬ್ಬ ಮಾಡುವುದು ಬೂಟಾಟಿಕೆ ಅಲ್ಲವೇ?

ಏಳು ಮಾತಿನ ನಡುವಿನದು, ನಾಲ್ಕನೆಯದು, ಅದೇ ಮಾತು: ನನ್ನನ್ನು ಏಕೆ ಕೈಬಿಟ್ಟೆ? ಅದು 22ನೇ ಕೀರ್ತನೆಯ ಮೊದಲ ಸಾಲು. ನಿಮ್ಮ ಬಾಯಿಗೆ ಬಂದದ್ದು ಶಿಲುಬೆಯ ಮೇಲೂ ಬಂದಿದೆ, ಅದನ್ನು ಹೇಳಿದರೆ ಬೂಟಾಟಿಕೆ ಹೇಗಾಗುತ್ತದೆ?

88ನೇ ಕೀರ್ತನೆಯನ್ನೂ ಓದಿ. ಗೆಳೆಯರು ದೂರವಾದರು, ಒಳಗೆ ಸಿಕ್ಕಿಬಿದ್ದಿದ್ದೇನೆ, ಹೊರಬರಲಾರೆ ಎನ್ನುವ ಕೀರ್ತನೆ ಅದು. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಭರವಸೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದನ್ನು ಪ್ರಾರ್ಥನೆಯೆಂದು ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ಇಂಥವರಿಗೆ "ಎಲ್ಲ ಒಳ್ಳೆಯದಾಗುತ್ತೆ, ಹಾಡು ಹೇಳಿ" ಎಂದು ಒತ್ತಾಯಿಸುವುದು ನಮಗೆ ಸರಿಕಾಣುವುದಿಲ್ಲ. ಪಕ್ಕದಲ್ಲಿ ಕೂತು ಈ ಕೀರ್ತನೆ ಓದಿ.

ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ, ಬದುಕುವುದೇ ಬೇಡ ಎನ್ನುವ ಯೋಚನೆ ಬರುತ್ತಿದ್ದರೆ, ಅದು ಪ್ರಾರ್ಥನೆಗಷ್ಟೇ ಬಿಡುವ ವಿಷಯವಲ್ಲ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ.

ಪವಿತ್ರ ಶನಿವಾರ ಏನು ಮಾಡಬೇಕು?

ಹಗಲಲ್ಲಿ ಏನೂ ಇಲ್ಲ. ಚರ್ಚಿನಲ್ಲೂ ಇಲ್ಲ. ಸಮಾಧಿಯ ಪಕ್ಕ ಕಾಯುವ ದಿನ. ಆರೋಗ್ಯವಂತರು ಆ ದಿನ ಮನೆ ಗುಡಿಸಿ, ಕೋಳಿಗೆ ಹೇಳಿ, ಹೊಸ ಬಟ್ಟೆ ಇಸ್ತ್ರಿ ಮಾಡುವ ಗಡಿಬಿಡಿಯಲ್ಲಿ ಶನಿವಾರವನ್ನೇ ಕಳೆದುಕೊಳ್ಳುತ್ತಾರೆ. ಕಾಯುವುದು ಬಿಟ್ಟು ಬೇರೇನೂ ಮಾಡಲಾಗದವರಿಗೆ ಆ ದಿನ ತಾನಾಗಿಯೇ ಒಗ್ಗುತ್ತದೆ.

ರಾತ್ರಿಯ ದೀಪದ ಕ್ರಮ ಹೇಗೆ? ಆಕ್ಸಿಜನ್ ಹಾಕಿದವರ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಬಹುದೇ?

ಎರಡನೆಯದಕ್ಕೆ ಮೊದಲು ಉತ್ತರ: ಬೇಡವೇ ಬೇಡ. ಸಿಲಿಂಡರ್ ಇರಲಿ, ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಕೊಡುವ ಮೆಷಿನ್) ಇರಲಿ, ಮೂರು ಮೀಟರ್ ಒಳಗೆ ಬೆಂಕಿಯೇ ಕೂಡದು. ಎಂದರೆ ನಮ್ಮ ಮನೆಗಳ ಅಳತೆಯಲ್ಲಿ ಆ ಕೋಣೆಯಲ್ಲೇ ಕೂಡದು. ಹೊದಿಕೆ, ದಿಂಬು, ಕೂದಲಲ್ಲಿ ಆಕ್ಸಿಜನ್ ಹಿಡಿದುಕೊಂಡಿರುತ್ತದೆ, ಐದು ನಿಮಿಷ ಮೆಷಿನ್ ಆರಿಸಿ ಹಚ್ಚುತ್ತೇವೆ ಎನ್ನುವುದೂ ಅಪಾಯ. ಅಂಥಲ್ಲಿ ಬ್ಯಾಟರಿಯ ಪುಟ್ಟ ದೀಪ ಇಡಿ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗದೆ ಕಡ್ಡಿ ಗೀರಬೇಡಿ, ಸ್ಪಿರಿಟ್ಟಿನ ಉರಿ ಕಣ್ಣಿಗೆ ಕಾಣುವುದೇ ಇಲ್ಲ.

ಉಳಿದ ಮನೆಗಳಲ್ಲಿ ಹೀಗೆ. ಪಾಸ್ಕ ಜಾಗರಣೆ, ಎಂದರೆ ಶನಿವಾರ ರಾತ್ರಿಯ ಈಸ್ಟರ್ ಆರಾಧನೆ, ಕತ್ತಲಾದ ಮೇಲೆಯೇ ಶುರುವಾಗಬೇಕು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಏಳೂವರೆಯ ನಂತರ. ಎಲ್ಲ ದೀಪ, ಟಿವಿ, ಫೋನಿನ ಬೆಳಕನ್ನೂ ಆರಿಸಿ. ಪೂರ್ತಿ ಒಂದು ನಿಮಿಷ ಕತ್ತಲಲ್ಲಿ ಕೂತಿರಿ. ಒಂದು ನಿಮಿಷ ಬಲು ಉದ್ದ ಅನ್ನಿಸುತ್ತದೆ, ಅವಸರಪಡಬೇಡಿ. ಆಮೇಲೆ ಒಂದೇ ಬತ್ತಿ. ಸ್ಟೀಲ್ ಲೋಟಕ್ಕೆ ಮುಕ್ಕಾಲು ಮರಳು ತುಂಬಿ ಅದರಲ್ಲಿ ನೆಟ್ಟರೆ ವಾಲುವುದಿಲ್ಲ, ಮೇಣವೂ ಚೆಲ್ಲುವುದಿಲ್ಲ. ಜನ ಹೆಚ್ಚಿದ್ದರೆ ಉರಿಯುವ ಬತ್ತಿ ನೆಟ್ಟಗಿರಲಿ, ಉರಿಯದ ಬತ್ತಿಯನ್ನು ಅದಕ್ಕೆ ಬಾಗಿಸಿ ಹಚ್ಚಿಕೊಳ್ಳಿ. ಉಲ್ಟಾ ಮಾಡಿದರೆ ಬಿಸಿ ಮೇಣ ಪಕ್ಕದವರ ಕೈ ಮೇಲೆ.

ಚರ್ಚಿನಲ್ಲಿ ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನಗಳಿವೆ. ಮನೆಗೆ ಮೂರು ಸಾಕು: ವಿಮೋಚನಾಕಾಂಡ 14ನೇ ಅಧ್ಯಾಯ (ಚರ್ಚಿನಲ್ಲೂ ಇದನ್ನು ಬಿಡುವಂತಿಲ್ಲ), ರೋಮನರಿಗೆ 6:3-11, ಮಾರ್ಕ 16:1-7. ಮಾರ್ಕನಲ್ಲಿ ಹೆಂಗಸರು ಕಲ್ಲು ಯಾರು ಉರುಳಿಸುತ್ತಾರೋ ಎಂದು ದಾರಿಯುದ್ದಕ್ಕೂ ಚಿಂತಿಸುತ್ತಲೇ ಹೊರಟಿದ್ದಾರೆ, ಉತ್ತರ ಗೊತ್ತಿಲ್ಲದೆ. ಕೊನೆಗೆ ಒಂದು ಬಟ್ಟಲು ನೀರಿನಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕಿ, ನಿಮ್ಮ ದೀಕ್ಷಾಸ್ನಾನದ ನೆನಪಿಗೆ.

ಮಳೆ ಬಂದು ಕರೆಂಟ್ ಹೋದರೆ?

ಆ ರಾತ್ರಿಗೆ ಅದಕ್ಕಿಂತ ಒಳ್ಳೆಯದೇನಿದೆ! ಕಾನ್ಸಂಟ್ರೇಟರ್ ಇರುವ ಮನೆಯವರು ಮಾತ್ರ ಬದಲಿ ಸಿಲಿಂಡರ್ ಅಥವಾ ಯುಪಿಎಸ್ ಮೊದಲೇ ನೋಡಿಕೊಂಡಿರಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಕಾಲದಲ್ಲಿ ಸಿಡಿಲಿಗೆ ಲೈನು ಹೋದರೆ ಬೆಳಗಿನವರೆಗೂ ಬರುವುದಿಲ್ಲ.

ಈಸ್ಟರ್ ಬೆಳಿಗ್ಗೆ ಒಬ್ಬರೇ ಏನು ಮಾಡುವುದು? ಕಾಫಿ ಹೂವು ಕೊಯ್ದು ಪೀಠಕ್ಕಿಡಬಹುದೇ?

ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಮೂರು ನಾಲ್ಕು ದಿನ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ. ಮಳೆ ಹೊಂದಿಕೊಂಡ ವರ್ಷ ಅದು ಈಸ್ಟರಿಗೇ ಬರುತ್ತದೆ. ಕೊಯ್ಯಬೇಡಿ, ಒಂದೊಂದು ಹೂವೂ ಒಂದೊಂದು ಹಣ್ಣು. ಕಿಟಕಿ ತೆರೆದಿಡಿ, ಮಂಚವನ್ನು ಆ ಕಡೆ ತಿರುಗಿಸಿ.

ಬೆಳಿಗ್ಗೆ ಮೊದಲ ಫೋನ್ ನೀವೇ ಮಾಡಿ. ಒಬ್ಬರು "ಕ್ರಿಸ್ತರು ಪುನರುತ್ಥಾನ ಹೊಂದಿದ್ದಾರೆ" ಎಂದರೆ ಇನ್ನೊಬ್ಬರು "ನಿಜವಾಗಿಯೂ ಹೊಂದಿದ್ದಾರೆ" ಎನ್ನುವುದು ಬಹು ಹಳೆಯ ವಾಡಿಕೆ. ಎಲ್ಲರೂ ಕರೆಯಲಿ ಎಂದು ಕಾದು ಕೂತರೆ ಹತ್ತು ಗಂಟೆಯ ಹೊತ್ತಿಗೆ ಮನಸ್ಸು ಕೆಟ್ಟಿರುತ್ತದೆ. ಅಡುಗೆಗೆ ಒಬ್ಬರಿಗೆಂದು ಹಂದಿ ಮಾಂಸ, ಕಡುಬು ಎಂದು ಹೆಚ್ಚು ಹಚ್ಚಿಕೊಳ್ಳಬೇಡಿ. ಮೊಟ್ಟೆ ಸಾರು, ಅಕ್ಕಿ ರೊಟ್ಟಿ ಸಾಕು. ಬಟ್ಟೆ ಮಾತ್ರ ಒಗೆದದ್ದಿರಲಿ, ಹಾಸಿಗೆಯಲ್ಲಿದ್ದರೂ ಸರಿ. ಬೇರೆ ಕೋಣೆಯಲ್ಲಿರುವ ಅಂಟುರೋಗದವರ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗಿಬಿಡಬೇಡಿ. ಬಾಗಿಲಾಚೆ ನೀವೂ ತಟ್ಟೆ ಹಿಡಿದು ಕೂತು, ಅದೇ ಹೊತ್ತಿಗೆ ಊಟ ಮಾಡಿ.

ಹೋಂ ನರ್ಸ್ ಕ್ರೈಸ್ತರಲ್ಲ. ಅವರು ಓದಿ ಕೊಡಬಹುದೇ?

ಮನೆಯ ಪ್ರಾರ್ಥನೆಯಲ್ಲಿ ಯಾರು ಬೇಕಾದರೂ ಬೈಬಲ್ ಓದಬಹುದು, ದೀಪ ಹಚ್ಚಬಹುದು. ಕೇಳಿ, ಒತ್ತಾಯಿಸಬೇಡಿ. ಅವರ ಹಬ್ಬಕ್ಕೆ ಅವರಿಗೆ ರಜೆ ಕೊಟ್ಟಿರಾ ಎಂಬುದನ್ನೂ ಜ್ಞಾಪಿಸಿಕೊಳ್ಳಿ.

ಶೆಟ್ಟಿಹಳ್ಳಿಯ ಮುಳುಗುವ ಚರ್ಚಿಗೆ ಹೋಗಿ ಒಬ್ಬರೇ ಪ್ರಾರ್ಥಿಸಬಹುದೇ?

ಜನಜಂಗುಳಿ ಬೇಡವೆನ್ನುವವರು ಕೇಳುತ್ತಾರೆ. ಹಾಸನದಿಂದ ಸುಮಾರು 20 ಕಿ.ಮೀ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚ್, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ, ಎಂದರೆ ಹೆಚ್ಚುಕಮ್ಮಿ ಪವಿತ್ರ ವಾರದ ಹೊತ್ತಿಗೆ, ಪೂರ್ತಿ ಹೊರಗೆ ನಿಂತಿರುತ್ತದೆ. ಹೋಗಬಹುದು. ಗೋಡೆಗಳು ಶಿಥಿಲ, ಕಮಾನಿನಡಿ ನಿಲ್ಲಬೇಡಿ, ಒರಗಬೇಡಿ, ಹತ್ತಲೇಬೇಡಿ. ಕೆಸರು ಮೇಲೆ ಒಣಗಿದಂತೆ ಕಂಡರೂ ನೀರಿನಂಚಿನಲ್ಲಿ ಕಾಲು ಹೂಳುತ್ತದೆ. ಮೇಣದ ಬತ್ತಿ ಅಂಟಿಸಿ ಕಲ್ಲು ಕಪ್ಪು ಮಾಡಬೇಡಿ.

ಹೋಗಲಾಗದವರಿಗೆ ಅದರ ಕಥೆಯಾದರೂ ಇರಲಿ. ಆ ಊರಿನ ಜನ ಚರ್ಚನ್ನು ನೀರಿಗೆ ಬಿಟ್ಟು ಎದ್ದು ಬಂದರು. ಪವಿತ್ರ ವಾರವನ್ನು ಬಿಟ್ಟು ಬರಲಿಲ್ಲ.

ಆಸ್ಪತ್ರೆಯಲ್ಲಿದ್ದೆ, ಹಬ್ಬವೇ ತಪ್ಪಿಹೋಯಿತು. ಈಗೇನು?

ತಪ್ಪಿಲ್ಲ. ಈಸ್ಟರ್ ಒಂದು ದಿನದ್ದಲ್ಲ. ಮೊದಲ ಎಂಟು ದಿನವೂ ಹಬ್ಬವೇ, ಆಮೇಲೆ ಪವಿತ್ರಾತ್ಮರ ಹಬ್ಬದವರೆಗೆ ಒಟ್ಟು 50 ದಿನ ಪಾಸ್ಕ ಕಾಲ. ಡಿಸ್ಚಾರ್ಜ್ ಆಗಿ ಬಂದ ಸಂಜೆ ದೀಪದ ಕ್ರಮ ಮಾಡಿ, ಮಾರ್ಕ 16 ಓದಿ. ಮನೆಯವರು ನಿಮ್ಮ ಗರಿಯನ್ನು ಎತ್ತಿಟ್ಟಿರಲಿ.

ಈಸ್ಟರಿನ ಮುಂದಿನ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವವರಿಗೆ: 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರ ಎಂಬುದು ಲೆಕ್ಕ. ಹಾಗಾಗಿ ಪವಿತ್ರ ವಾರದಲ್ಲಿ ರಾತ್ರಿ ಕಿಟಕಿಯಾಚೆ ನೋಡಿದರೆ, ಮೋಡವಿಲ್ಲದಿದ್ದರೆ, ದೊಡ್ಡ ಚಂದ್ರ ಇದ್ದೇ ಇರುತ್ತಾನೆ.